ಅಮೆರಿಕಕ್ಕೆ ಹೊರಟ ನಮ್ಮೂರವರಿಗೆ: ಬೆಂಕಿಯ ಬಗ್ಗೆ ನಾಲ್ಕು ಮಾತು

ರಜೆಗೆ ಶಿರಸಿಗೆ ಬಂದಾಗಲೆಲ್ಲ ಅಮೆರಿಕಕ್ಕೆ ಹೊರಟ ಹುಡುಗ ಹುಡುಗಿಯರು ಸಿಗುತ್ತಾರೆ. ಯಾವ ಕುಕ್ಕರ್ ಒಯ್ಯಬೇಕು, ಹಲಸಿನ ಹಪ್ಪಳ ಬಿಡ್ತಾರಾ ಅಂತ ಕೇಳುತ್ತಾರೆ. ಬೆಂಕಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಿಬಿಡುತ್ತೇನೆ.

ನಮ್ಮ ಕಡೆ ಚಿರೆಕಲ್ಲಿನ ಗೋಡೆ, ಮೇಲೆ ಹಂಚು. ಬಚ್ಚಲೊಲೆಯ ಹೊಗೆ ಹಂಚಿನ ಸಂದಿಯಲ್ಲಿ ತನ್ನಷ್ಟಕ್ಕೆ ಹೊರಗೆ ಹೋಗುತ್ತದೆ. ಅಲ್ಲಿ ಬಹಳಷ್ಟು ಮನೆಗಳ ಚೌಕಟ್ಟೇ ಮರದ್ದು. ಚಳಿಗೆ ಎಲ್ಲ ಬಿಗಿಯಾಗಿ ಮುಚ್ಚಿರುತ್ತದೆ. ಬೆಂಕಿ ಮೈಗೆ ತಾಗುವ ಮೊದಲೇ ಹೊಗೆ ಉಸಿರು ಕಟ್ಟಿಸುತ್ತದೆ. ನಿದ್ದೆಯಲ್ಲಿದ್ದವರಿಗೆ ವಾಸನೆಗೇ ಎಚ್ಚರ ಆಗುತ್ತದೆ ಅಂತ ನಂಬಬೇಡಿ. ಅದಕ್ಕೇ ಸ್ಮೋಕ್ ಅಲಾರಂ, ಅಂದರೆ ಹೊಗೆ ತಾಗಿದರೆ ಕಿರುಚುವ ಪೆಟ್ಟಿಗೆ.

ಆದರೆ ಅದಕ್ಕೂ ನಮ್ಮ ಒಗ್ಗರಣೆಗೂ ಆಗಿಬರುವುದಿಲ್ಲ. ಒಣಮೆಣಸು ಎಣ್ಣೆಗೆ ಬಿದ್ದ ಕೂಡಲೇ ಕಿರುಚಲು ಶುರು. ಕೆಲವರು ಅದರ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ, ಬ್ಯಾಟರಿ ಕೀಳುತ್ತಾರೆ. ಖಂಡಿತ ಬೇಡ. ಒಗ್ಗರಣೆಗೆ ಮೊದಲೇ ಕಿಟಕಿ ತೆಗೆಯಿರಿ, ಒಲೆಯ ಮೇಲಿನ ಫ್ಯಾನ್ ಹಾಕಿ. ಬರೀ ಫ್ಯಾನ್ ನಂಬಬೇಡಿ, ಕೆಲವು ಹೊಗೆಯನ್ನು ಅಲ್ಲೇ ಸುತ್ತಿಸುತ್ತವೆ ಅಷ್ಟೇ. ಅಲಾರಂ ಸುಮ್ನೆ ಆಗಾಗ ಚಿಂವ್ ಅಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಅಂತ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ. 10 ವರ್ಷ ದಾಟಿದ್ದರೆ ಬದಲಿಸಲು ಮನೆ ಮಾಲೀಕರಿಗೆ ಹೇಳಿ.

ಅಲ್ಲಿ ಮನೆಗಳಲ್ಲಿ ಬೆಂಕಿ ಏಳುವುದು ಎಲ್ಲಕ್ಕಿಂತ ಜಾಸ್ತಿ ಅಡುಗೆಯಿಂದ. ಕಾರವಾರದವರು ಬಂಗಡೆ ಹುರಿಯಲಿ, ನಾವು ಹಪ್ಪಳ ಕರಿಯಲಿ, ಬಾಣಲೆ ಬಿಟ್ಟು ಊರಿನ ಫೋನ್ ಹಿಡಿದು ಕೂರಬಾರದು. ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ನೀರು ಎಣ್ಣೆಯ ಅಡಿಗೆ ಇಳಿದು, ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಬಾಣಲೆ ಎತ್ತಿಕೊಂಡು ಸಿಂಕಿನ ಕಡೆ ಓಡುವುದೂ ಬೇಡ. ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಒಲೆ ಆರಿಸಿ. ಪೂರ್ತಿ ತಣ್ಣಗಾಗುವವರೆಗೆ ತೆಗೆದು ನೋಡುವ ಚಪಲ ಬೇಡ. ಅಂದರೆ ಎಣ್ಣೆ ಇಡುವ ಮೊದಲೇ ಸರಿಹೊಂದುವ ಮುಚ್ಚಳ ಕೈಗೆ ಸಿಗುವಂತಿರಬೇಕು, ಅಲ್ವಾ?

ಬಟ್ಟೆ ಒಣಗಿಸುವ ಡ್ರೈಯರಿನ ಜಾಲರಿಯಲ್ಲಿ ಕೂತ ನೂಲಿನ ಜುಂಗನ್ನು ಪ್ರತಿ ಸಲ ತೆಗೆಯಿರಿ. ಹೀಟರಿನ ಸುತ್ತ 3 ಅಡಿ ಖಾಲಿ ಬಿಡಿ. ಬೆಂಕಿ ಬಿದ್ದರೆ ನೀರು ಚಿಮ್ಮಿಸುವ ಚಾವಣಿಯ ಸ್ಪ್ರಿಂಕ್ಲರಿಗೆ ಅಂಗಿ ನೇತುಹಾಕಬೇಡಿ, ಮುರಿದರೆ ಮನೆಯೆಲ್ಲ ನೀರು.

ಬೆಂಕಿ ಕೈಮೀರಿತೋ, ಹೊರಗೆ ಬನ್ನಿ. ನಮ್ಮೂರಲ್ಲಿ ಕೂಗಿದರೆ ಕೇರಿಗೆ ಕೇರಿಯೇ ಕೊಡಪಾನ ಹಿಡಿದು ಬರುತ್ತದೆ. ಆ ಶೂರತನ ಅಲ್ಲಿ ನಡೆಯುವುದಿಲ್ಲ. ಹೊಗೆ ತುಂಬಿದ್ದರೆ ನೆಲಕ್ಕೆ ಬಗ್ಗಿ ತೆವಳಿ. ಬಾಗಿಲು ಬಿಸಿಯಿದ್ದರೆ ತೆಗೆಯಬೇಡಿ, ಬೇರೆ ದಾರಿ ನೋಡಿ. ಬರುವಾಗ ಹಿಂದಿನ ಬಾಗಿಲು ಮುಚ್ಚಿಕೊಂಡು ಬನ್ನಿ, ಬೆಂಕಿ ಹಬ್ಬುವುದು ನಿಧಾನವಾಗುತ್ತದೆ. ಲಿಫ್ಟ್ ಬೇಡ. ಹೊರಗೆ ನಿಂತು ಅಲ್ಲಿಯ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಪಾಸ್‌ಪೋರ್ಟ್ ಒಳಗೆ ಉಳಿಯಿತು ಅಂತ ಮತ್ತೆ ನುಗ್ಗಬೇಡಿ. ಅದನ್ನು ಇನ್ನೊಂದು ಮಾಡಿಸಬಹುದು.

ಮುಂದೆ ಅಪ್ಪ ಅಮ್ಮ ಬರುತ್ತಾರೆ. ಹಗಲಿಡೀ ಅವರಿಬ್ಬರೇ. ಅಲ್ಲಿ ಸುಮಾರು ಮನೆಗಳಲ್ಲಿ ದೇವರು ಇರುವುದು ಬಟ್ಟೆ ಕಪಾಟಿನಲ್ಲಿ, ದೀಪದ ಮೇಲೇ ಸೀರೆ, ಕೋಟು. ಅಮ್ಮನ ಹತ್ತಿರ ವಾದ ಮಾಡುವ ಬದಲು ದೇವರಿಗೆ ತೆರೆದ ಜಾಗ ಮಾಡಿಕೊಡಿ. ವಿಳಾಸವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಫೋನಿನ ಹಿಂದೆ ಅಂಟಿಸಿ. ಮನೆಯಿಂದ ಹೊರಬಂದು 911 ಒತ್ತಿ, "ಫೈರ್" ಅಂದು ಅದನ್ನು ಓದುವುದನ್ನು ಇಬ್ಬರಿಗೂ ರೂಢಿ ಮಾಡಿಸಿ.