ಮಳೆ ಹಿಡಿಯುವ ಮೊದಲು ಕಾರಿನ ಟಯರ್ ನೋಡಿಕೊಳ್ಳಿ
ಜೂನ್ ಹತ್ತಿರ ಬಂತು. ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ರಸ್ತೆ ತಿರುವುಗಳಲ್ಲಿ ನೀರು ಹರಿಯುವಾಗ ಟಯರ್ ಸವೆದಿದ್ದರೆ ಬ್ರೇಕ್ ಹಿಡಿದರೂ ಕಾರು ಜಾರುತ್ತದೆ. ಟಯರಿನ ಸಂದುಗಳ ಒಳಗೆ ಸಣ್ಣ ಉಬ್ಬು ಇರುತ್ತದೆ, ಅಲ್ವಾ? ರಬ್ಬರ್ ಸವೆದು ಅದರ ಮಟ್ಟಕ್ಕೆ ಬಂದರೆ ಸಂದಿನ ಆಳ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಎಂದರ್ಥ. ಅಲ್ಲಿವರೆಗೆ ಕಾಯಬೇಡಿ, ನಮ್ಮ ಮಳೆಗೆ ಅದು ಸಾಲದು. ಗಾಳಿಯನ್ನು ಬೆಳಿಗ್ಗೆ, ಟಯರ್ ತಣ್ಣಗಿರುವಾಗಲೇ ನೋಡಿಸಿ. ಸ್ಟೆಪ್ನಿಯನ್ನೂ ಮರೆಯಬೇಡಿ.

ಮನೆಯಲ್ಲೇ ಟಯರ್ ಬದಲಿಸುವವರು ದಯವಿಟ್ಟು ಕೇಳಿ. ಇಳಿಜಾರು ಅಂಗಳದಲ್ಲಿ ಜಾಕ್ ಹಾಕಲೇಬೇಡಿ. ಗಟ್ಟಿಯಾದ ಸಮ ನೆಲ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ನೆಲದ ಮೇಲಿರುವ ಚಕ್ರಕ್ಕೆ ಎರಡೂ ಕಡೆಯಿಂದ ಕಲ್ಲು ಕೊಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾವತ್ತೂ ನುಗ್ಗಬೇಡಿ. ಮಕ್ಕಳು ಹತ್ತಿರ ಬಾರದಂತೆ ನೋಡಿಕೊಳ್ಳಿ.