ಹೊಲಕ್ಕೆಷ್ಟು, ಆಕಳಿಗೆಷ್ಟು: ಸಾಸವಡದಾಗ ನಾ ಕವರ್ ಕ್ರಾಪ್ ಆರಿಸೋ ರೀತಿ

ಕವರ್ ಕ್ರಾಪ್, ಅಂದ್ರ ನೆಲ ಮುಚ್ಚಿ ಮಣ್ಣು ಕಾಯಾಕ ಹಾಕೋ ಬೆಳಿ, ಯಾವ್ದು ಹಾಕ್ಲಿ ಅಂತ ಯಾರರೆ ಕೇಳಿದ್ರ ನಾ ಮೊದ್ಲ ಕೇಳೋದು ಮನ್ಯಾಗ ದನ ಅದಾವೇನು ಅಂತ. ಮಣ್ಣಿಗೂ ಆತು ಮೇವಿಗೂ ಆತು ಅಂತ ಬೀಜದ ಅಂಗಡ್ಯಾಗ ಹೇಳ್ತಾರ, ಆದ್ರ ಕೊಯ್ದು ದನದ ಮುಂದ ಹಾಕಿದ ಸೊಪ್ಪು ಮಣ್ಣಿಗೆ ಹೋಗೂದಿಲ್ಲ, ಹೊಲದಾಗ ಉಳಿಯೋದು ಬೇರು ಮತ್ತ ಕೂಳಿ ಅಷ್ಟ, ಸಗಣಿ ತಿರುಗಿ ಅದೇ ಹೊಲಕ್ಕ ಬಂದ್ರ ಮಾತ್ರ ಲೆಕ್ಕ ಸರಿ ಆಗ್ತದ. ಅದಕ್ಕ ನಾ ಒಂದ ಬೆಳಿ ಮ್ಯಾಲ ಎರಡೂ ಭಾರ ಹೊರಿಸೂದಿಲ್ಲ.

ನಾವಿರೋದು ಪುಣೆಯ ಹಡಪಸರದಾಗ, ಹೊಲ ದಿವೇ ಘಾಟ ಏರಿ ಸಾಸವಡದ ಕಡೆ. ಮಳಿ ಕಡಿಮಿ ಸೀಮಿ. ಮ್ಯಾಲ ಇಳಿಜಾರಿನಾಗ ತೆಳು ಮುರುಮು (ಗರಸು ಮಣ್ಣು), ಅಲ್ಲಿ ಸೀತಾಫಲದ ಗಿಡ, ಕೆಳಗ ಕರಿ ಮಣ್ಣು. ಈ ಕಡೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಅನ್ನೋ ವಿದೇಶಿ ತಳಿ ಕೂಡಿಸಿದ ಕ್ರಾಸ್ ಆಕಳು ಭಾಳ, ಹತ್ರದ ಉರುಳಿ ಕಾಂಚನದಾಗ ಮಣಿಭಾಯಿ ದೇಸಾಯಿಯವ್ರು 1967ರಾಗ ಸುರು ಮಾಡಿದ ಬಾಯಫ್ ಸಂಸ್ಥೆ ಇಂಥ ತಳಿ ಕೂಡಿಸೋ ಕೆಲ್ಸಕ್ಕ ಹೆಸರಾದದ್ದು. ನಮ್ಮವೂ ಕ್ರಾಸ್ ಆಕಳನ, ಬರೀ ಕಣಕಿ ಮ್ಯಾಲ ಹಾಲು ಕೊಡೂದಿಲ್ಲ.

ಕರಿ ಮಣ್ಣಿನ ಒಂದು ಪಟ್ಟಿ ಪೂರಾ ಮಣ್ಣಿಗೆ, ಅಲ್ಲಿ ಸೆಣಬು, ಇಲ್ಲಿಯವ್ರ ತಾಗ. ಜೂನಿನಾಗ ಹದ ಆದ ಕೂಡ್ಲೆ ಎಕರೆಕ್ಕ 20 ಕೆಜಿ ಚೆಲ್ತೀನಿ, ದಟ್ಟ ಇದ್ರ ಕಸ ಏಳೂದಿಲ್ಲ, ಕಡ್ಡಿನೂ ಮೆತ್ತಗಿರ್ತದ. 45 ದಿನದ ಸುತ್ತ ಹಳದಿ ಹೂ ಕಾಣಾಕ ಹತ್ತಿದ್ರ ಹಸಿ ಇರುವಾಗ್ಲೇ ರೋಟಾವೇಟರ್ ಹೊಡಿಸಿ ಮುಚ್ಚಿಬಿಡ್ಬೇಕು, ತಡ ಆದ್ರ ನಾರು ಬಲಿತು ಕೊಳಿಯಾಕ ಭಾಳ ದಿನ ತಗೋತದ. ಎರಡು ವಾರ ಬಿಟ್ಟು ಮುಂದಿನ ಬಿತ್ತನಿ. ಇದನ್ನ ನಾ ದನಕ್ಕ ಹಾಕೂದಿಲ್ಲ, ಇದರ ಬೀಜ ಹೊಟ್ಟಿಗೆ ಒಳ್ಳೇದಲ್ಲ.

ಪಕ್ಕದ ಪಟ್ಟಿ ಆಕಳಿಗೆ. ಎರಡು ಸಾಲು ಮೇವಿನ ಜೋಳ, ಒಂದು ಸಾಲು ಅಲಸಂದಿ. ನನಗ ಎಲ್ಲಾಕ್ಕಿಂತ ಇಷ್ಟದ ಬೆಳಿ ಅಂದ್ರ ಈ ಅಲಸಂದಿ, ಮೇವೂ ರುಚಿ, ನೆಲಕ್ಕೂ ಮುಸುಕು ಹಾಕಿದಂಗ ಹಬ್ಬತದ. ಬಿತ್ತಿ ಒಂದು ತಿಂಗಳಿಗೆ ಒಂದೆರಡು ಗಿಡ ಕುರ್ಪಿಲೆ ಮಣ್ಣು ಸಮೇತ ಎಬ್ಬಿಸಿ ನೋಡ್ರಿ, ಕೈಲೆ ಜಗ್ಗಿದ್ರ ಬೇರಿನ ಗಂಟು ಮಣ್ಣಾಗ ಉಳಿದು ಬಿಡ್ತಾವ. ನೀರಾಗ ಮೆಲ್ಲಗ ತೊಳೆದು ಒಂದು ಗಂಟು ಉಗುರಿಲೆ ಸೀಳ್ರಿ, ಒಳಗ ಗುಲಾಬಿ ಕೆಂಪು ಇದ್ರ ಗಾಳಿಯೊಳಗಿನ ನೈಟ್ರೋಜನ್ ಹಿಡಿಯೋ ಕೆಲ್ಸ ನಡದದ ಅಂತ. ಬೆಳ್ಳಗ ಇಲ್ಲಾ ಹಸಿರು ಇದ್ರ ಕೆಲ್ಸ ನಡದಿಲ್ಲ, ಮುಂದಿನ ಸಲ ಬೀಜಕ್ಕ ರೈಜೋಬಿಯಂ (ಬೇರಿನಾಗ ಗಂಟು ಕಟ್ಟೋ ಸೂಕ್ಷ್ಮಜೀವಿ) ಹಚ್ಚಿ ಬಿತ್ಬೇಕು. ಕಾಯಿ ತುಂಬೋತನಕ ಬಿಟ್ರ ಗಿಡದ ಸತ್ವ ಎಲ್ಲಾ ಕಾಳಿಗೆ ಹೋಗ್ತದ, ಹೂ ಬಂದು ಎಳಿ ಕಾಯಿ ಇರುವಾಗ್ಲೇ ಕೊಯ್ಲು.

ಜೋಳದ ವಿಷಯದಾಗ ದಯವಿಟ್ಟು ಹುಷಾರ್ ಇರ್ರಿ. ಎಳಿ ಜೋಳ, ಮಳಿ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮ್ಯಾಲ ಮತ್ತ ಚಿಗುರಿದ್ದು, ಇದರಾಗ ಸೈನೈಡ್ ವಿಷ ಇರ್ತದ, ತಾಸಿನೊಳಗ ಆಕಳು ಸಾಯಬಹುದು. ಹೂ ಬಂದ ಮ್ಯಾಲನ ನಾ ಕೊಯ್ಯೋದು. ಅಲಸಂದಿ ಒಂದನ್ನ ಹಸಿ ಹಸಿ ತಿನ್ನಿಸಿದ್ರ ಹೊಟ್ಟಿ ಉಬ್ಬತದ, ಅದಕ್ಕ ಸ್ವಲ್ಪ ಬಾಡಿಸಿ ಕಣಕಿ ಕೂಡ ಕಲಸಿ ಹಾಕ್ತೀನಿ.

ಸೀತಾಫಲದ ಸಾಲಿನ ನಡುವ ಹುರುಳಿ. ಮುರುಮಿನಾಗ ಕಡಿಮಿ ನೀರಿಗೂ ಬರ್ತದ, ಇಳಿಜಾರಿನ ಮಣ್ಣು ಹರಿದು ಹೋಗೂದಿಲ್ಲ. ಗಿಡದ ಬುಡದ ಸುತ್ತ ಮಾತ್ರ ಬಿಟ್ಟು ಬಿತ್ಬೇಕು. ನೀರು ನಿಂತು ಸವಳು ಆದ ಹೊಲ ಇದ್ದವ್ರು, ಬಾರಾಮತಿ ಕಡೆ ಕಾಲುವಿ ಕೆಳಗಿನ ಹಂಗ, ಸೆಣಬು ಬಿಟ್ಟು ಡಯಾಂಚ ಅನ್ನೋ ಹಸಿರು ಗೊಬ್ಬರದ ಬೆಳಿ ಹಾಕ್ರಿ, ಅದು ತಡ್ಕೊತದ.

ಸಗಣಿ ಗೊಬ್ಬರ ಎಲ್ಲಾ ಮೇವು ಕೊಯ್ದ ಪಟ್ಟಿಗೇ ಹೋಗ್ಬೇಕು, ಮತ್ತ ಮುಂದಿನ ವರ್ಷ ಆ ಪಟ್ಟಿಗೆ ಸೆಣಬು, ಸೆಣಬಿನ ಪಟ್ಟಿಗೆ ಜೋಳ-ಅಲಸಂದಿ.