ಎರಡು ಗ್ರಂಥಾಲಯಗಳ ಡೇಟಾಬೇಸ್ ಒಂದಾಗಿಸಿದ ಬಗೆ

ಒಂದು ಗ್ರಂಥಾಲಯದ ಡೇಟಾಬೇಸ್ ಮೈಎಸ್‌ಕ್ಯೂಎಲ್ ತಂತ್ರಾಂಶದಲ್ಲಿತ್ತು, ಇನ್ನೊಂದರದು ಪೋಸ್ಟ್‌ಗ್ರೆಸ್ ತಂತ್ರಾಂಶದಲ್ಲಿ. ಮೊದಲನೆಯದರಲ್ಲಿ ಸದಸ್ಯರ ಹೆಸರು, ವಿಳಾಸ, ಫೋನು ಒಂದೇ ಟೇಬಲ್‌ನಲ್ಲಿದ್ದವು. ಎರಡನೆಯದರಲ್ಲಿ ವಿಳಾಸಕ್ಕೆ ಬೇರೆ ಟೇಬಲ್. ಎರಡರಲ್ಲೂ ಸದಸ್ಯರ ಐಡಿ 1ರಿಂದಲೇ ಶುರು. ನೇರವಾಗಿ ಸುರಿದರೆ ಒಬ್ಬರು ಒಯ್ದ ಪುಸ್ತಕ ಇನ್ನೊಬ್ಬರ ಲೆಕ್ಕಕ್ಕೆ ಬೀಳುತ್ತದೆ.

ಎರಡನ್ನೂ ಪೋಸ್ಟ್‌ಗ್ರೆಸ್‌ನ ಒಂದೇ ಡೇಟಾಬೇಸ್‌ನೊಳಗೆ ಬೇರೆ ಬೇರೆ ಸ್ಕೀಮಾಗಳಲ್ಲಿ (ಟೇಬಲ್‌ಗಳ ಪ್ರತ್ಯೇಕ ಗುಂಪುಗಳಲ್ಲಿ), ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಂಡೆ. ಮೈಎಸ್‌ಕ್ಯೂಎಲ್ ಕಡೆಯ ದಿನಾಂಕಗಳನ್ನು ಮಾತ್ರ ಮೊದಲು ಟೆಕ್ಸ್ಟ್ ಆಗಿಯೇ ತರಬೇಕು. ಅಲ್ಲಿ 0000-00-00 ಎಂದು ಇರುವುದುಂಟು. ಪೋಸ್ಟ್‌ಗ್ರೆಸ್ ಅದನ್ನು ದಿನಾಂಕವೆಂದು ಒಪ್ಪದೆ ಲೋಡ್ ನಿಲ್ಲಿಸುತ್ತದೆ. ಒಳಗೆ ಬಂದ ಮೇಲೆ ಅವನ್ನು ನಲ್ (ಮೌಲ್ಯವಿಲ್ಲದ ಖಾಲಿ) ಮಾಡಬಹುದು.

ಇಡೀ ಕೆಲಸದ ಬೆನ್ನೆಲುಬು ಒಂದು ಚಿಕ್ಕ ಟೇಬಲ್: ಮೂಲ, ಹಳೆ ಐಡಿ, ಹೊಸ ಐಡಿ. ಮೊದಲೆರಡು ಕಾಲಂ ಸೇರಿ ಪ್ರೈಮರಿ ಕೀ, ಅಂದರೆ ಆ ಜೋಡಿ ಎರಡು ಸಲ ಬರುವಂತಿಲ್ಲ. ಎರಡೂ ಕಡೆ ಸದಸ್ಯರಾದವರಿಗೆ ಎರಡು ಸಾಲು, ಹೊಸ ಐಡಿ ಒಂದೇ. ಎರವಲು, ದಂಡದ ಸಾಲುಗಳೆಲ್ಲ ಈ ಟೇಬಲ್‌ನೊಂದಿಗೆ ಜಾಯಿನ್ ಆಗಿಯೇ (ಹಳೆ ಐಡಿ ಹೊಂದಿಸಿ ಜೋಡಿಸಿಯೇ) ಹೊಸ ಸ್ಕೀಮಾಗೆ ಹೋಗಬೇಕು. ಮೊದಲು, ಜೊತೆ ಸಿಗದ ಸಾಲನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಮಾಡಿ ಹೊಸ ಐಡಿ ಸಿಗದ ಸಾಲುಗಳನ್ನು ನೋಡಿ. ಜೊತೆ ಸಿಕ್ಕ ಸಾಲುಗಳನ್ನಷ್ಟೇ ಇಡುವ ಇನ್ನರ್ ಜಾಯಿನ್ ಅವನ್ನು ಸದ್ದಿಲ್ಲದೆ ಕೈಬಿಡುತ್ತದೆ.

ಹೆಚ್ಚು ತಾಳ್ಮೆ ಬೇಡುವುದು ಎರಡೂ ಕಡೆ ಇರುವ ಒಬ್ಬರೇ ಸದಸ್ಯರನ್ನು ಗುರುತಿಸುವ ಹಂತ. ಫೋನಿನ ಕೊನೆಯ 10 ಅಂಕಿ ಸಾಲದು, ಮನೆಮಂದಿಗೆಲ್ಲ ಒಂದೇ ನಂಬರ್ ಕೊಟ್ಟಿರುತ್ತಾರೆ. ಹೆಸರು, ಹುಟ್ಟಿದ ದಿನಾಂಕವೂ ಕೂಡಬೇಕು. ಕನ್ನಡದ ಹೆಸರುಗಳಲ್ಲಿ ಒಂದು ತೊಡಕಿದೆ: ‘ಕೊ’ದ ಸ್ವರಚಿಹ್ನೆ ಒಂದೇ ಕೋಡ್ ಆಗಿರಬಹುದು, ಇಲ್ಲವೇ ಎಕಾರ, ಊಕಾರದ ಚಿಹ್ನೆಗಳ ಎರಡು ಕೋಡ್ ಆಗಿರಬಹುದು. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಬೇರೆ. ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಜ್ ಫಂಕ್ಷನ್ ಇದನ್ನು ಸರಿಪಡಿಸುತ್ತದೆ. ಆದರೆ ‘ರಾಜ್‌ಕುಮಾರ್’ನ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಅಕ್ಷರವನ್ನು ಅದು ಮುಟ್ಟುವುದಿಲ್ಲ. ಹೋಲಿಸುವಾಗ ಅದನ್ನು ತೆಗೆಯಿರಿ. ಉಳಿಸುವ ಹೆಸರಿನಿಂದ ತೆಗೆದರೆ ಕಾರ್ಡಿನ ಮೇಲೆ ‘ರಾಜ್ಕುಮಾರ್’ ಎಂದು ಅಚ್ಚಾಗುತ್ತದೆ. ಅನುಮಾನ ಉಳಿದ ಜೋಡಿಗಳನ್ನು ಕೂಡಿಸದೆ ಕೌಂಟರಿನವರಿಗೆ ಪಟ್ಟಿ ಕೊಡುವುದೇ ಸರಿ. ತಪ್ಪಾಗಿ ಕೂಡಿದ ಇಬ್ಬರನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ.

ವರ್ಗಾವಣೆಯೆಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ: ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು. ಕಮಿಟ್‌ಗೆ (ಬದಲಾವಣೆ ಖಾಯಂ ಮಾಡುವುದಕ್ಕೆ) ಮುಂಚೆ ಹಿಂತಿರುಗದ ಪುಸ್ತಕಗಳ ಸಂಖ್ಯೆ, ಬಾಕಿ ದಂಡದ ಮೊತ್ತ ಎರಡೂ ಹಳೆಯವುಗಳ ಕೂಡಿಕೆಗೆ ಸರಿಹೊಂದಬೇಕು. ಒಂದು ರೂಪಾಯಿ ವ್ಯತ್ಯಾಸವಿದ್ದರೂ ರೋಲ್‌ಬ್ಯಾಕ್, ಎಲ್ಲವೂ ಮೊದಲಿನ ಸ್ಥಿತಿಗೆ. ಐಡಿಗಳನ್ನು ನಾವೇ ಕೊಟ್ಟಿರುವುದರಿಂದ, ಮುಂದಿನ ಐಡಿ ಕೊಡುವ ಎಣಿಕೆ ಸೀಕ್ವೆನ್ಸ್ ಇನ್ನೂ 1ರಲ್ಲೇ ನಿಂತಿರುತ್ತದೆ. ಪ್ರತಿ ಟೇಬಲ್‌ಗೂ ಸೆಟ್‌ವ್ಯಾಲ್ ಫಂಕ್ಷನ್‌ನಿಂದ ಅದನ್ನು ಅತಿ ದೊಡ್ಡ ಐಡಿಗೆ ತಂದಿಡದಿದ್ದರೆ, ಮರುದಿನದ ಮೊದಲ ಹೊಸ ಸದಸ್ಯರ ನೋಂದಣಿಯೇ ಡುಪ್ಲಿಕೇಟ್ ಕೀ ಎಂದು ನಿಲ್ಲುತ್ತದೆ.